ನಾನು ಕರೆದ ನಿಷ್ಪಕ್ಷಪಾತ ಟೆಂಡರು

ನಮ್ಮೂರ ಶಾಲೆಗೆ ಹೊಸ ಕಟ್ಟಡ ಮಂಜೂರಾದಾಗ ಪಂಚಾಯ್ತಿಯವರು ಕಟ್ಟಡ ಸಮಿತಿಯ ಕಾರ್ಯದರ್ಶಿಯಾಗಿ ನನ್ನನ್ನೇ ಆರಿಸಿದರು. ಊರು ಹರಿಹರದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ನಾನು ಅಲ್ಲಿಯ ಮೇಷ್ಟ್ರು. ನಾಲ್ಕನೇ ತರಗತಿಯ ಮಕ್ಕಳು ಗುಡಿಯ ಕಟ್ಟೆಯ ಮೇಲೆ ಕೂತು ಓದುತ್ತಿದ್ದರು, ಮಳೆ ಬಂದರೆ ರಜೆ. ಜಾಗ ಇಕ್ಕಟ್ಟಾದ್ದರಿಂದ ಅವರಿಗೆ ಮಹಡಿಯ ಮೇಲೊಂದು ಕೊಠಡಿ ಎಂದು ತೀರ್ಮಾನವಾಯಿತು. ಮಳೆಗಾಲಕ್ಕೆ ಮುಂಚೆ ಅದು ಮುಗಿಯಬೇಕಿತ್ತು.

ನಕ್ಷೆಯನ್ನು ನಾನೇ ಬರೆದೆ. ಇಷ್ಟು ವರ್ಷ ಚೌಕ, ಆಯತ ಕಲಿಸಿದವನಿಗೆ ಇಂಜಿನಿಯರ್ ಯಾಕೆ? ಕೆಳಗಿನ ಕೊಠಡಿಗೊಂದು ಹಾಳೆ, ಮೇಲಿನದಕ್ಕೊಂದು ಹಾಳೆ. ಕಿಟಕಿಗಳಿಗೆ ನೀಲಿ ಬಣ್ಣವನ್ನೂ ಹಚ್ಚಿದೆ.

ಟೆಂಡರಿನಲ್ಲಿ ಯಾರ ವಶೀಲಿಯೂ ನಡೆಯಬಾರದೆಂದು ಷರತ್ತುಗಳನ್ನೂ ನಾನೇ ಬರೆದೆ: 'ಲಕೋಟೆ ಒಡೆಯುವ ತನಕ ಯಾವ ಗುತ್ತಿಗೆದಾರನೂ ಕಾರ್ಯದರ್ಶಿಯೊಡನೆ ಮಾತನಾಡತಕ್ಕದ್ದಲ್ಲ. ನಕ್ಷೆಗಿಂತ ಅಂಗುಲ ಹೆಚ್ಚುಕಡಿಮೆಯಾದರೂ ಠೇವಣಿ ಮುಟ್ಟುಗೋಲು.' ಓದಿದಾಗ ನನಗೇ ನನ್ನ ಮೇಲೆ ಗೌರವ ಬಂತು.

ಮರುದಿನವೇ ದಾವಣಗೆರೆಯ ಗುತ್ತಿಗೆದಾರ ಹಾಲಪ್ಪ ಬಾಗಿಲಿಗೆ ಬಂದ.

"ಮೇಷ್ಟ್ರೇ, ನಕ್ಷೆ ಬಗ್ಗೆ ಒಂದು ಮಾತು ಐತ್ರಿ."

"ಮಾತು ಬ್ಯಾಡ. ಲಕೋಟೆ ಹಾಕ್ರಿ."

"ಲಕೋಟೆ ವಿಷ್ಯ ಅಲ್ರಿ, ಮ್ಯಾಲಿನ ಕೋಣೆಗೆ..."

ನಾನು ಕಿವಿ ಮುಚ್ಚಿಕೊಂಡೆ. ಅವನ ಕೈಚೀಲದಲ್ಲಿ ಇಣುಕಿದೆ, ಒಂದು ಬಾಳೆಹಣ್ಣೂ ಇಲ್ಲ. ಬರಿಗೈಯಲ್ಲಿ ಬಂದು ಮರುಳು ಮಾಡುವವನು ಎಂಥ ಪಾಕಡಾ ಇರಬೇಕು!

ಆಮೇಲೆ ಹರಿಹರದ ಕರಿಬಸಪ್ಪ ಬಂದ. ನಾನು ಹಿತ್ತಲ ಬಾಗಿಲಿನಿಂದ ಪಾರಾದೆ. ಊಟಕ್ಕೆ ಕೂತಾಗ ಹೆಂಡತಿ ಗಂಗಮ್ಮ ಶುರು ಮಾಡಿದಳು.

"ರೀ, ನಿಮ್ಮ ಸಾಲಿ ಹುಡುಗ್ರಿಗೆ ರೆಕ್ಕೆ ಅದಾವೇನು ಅಂತ ಕೇಳಿದ್ರು ಕರಿಬಸಪ್ಪನೋರು."

"ನಮ್ಮ ಮಕ್ಕಳು ಚುರುಕು ಅಂತ ಹೊಗಳ್ತಾನೆ. ಹೊಗಳಿಕೆನೂ ಲಂಚನೇ ಕಣೇ."

"ಹಂಗಲ್ರಿ..."

"ಟೆಂಡರ್ ವಿಷ್ಯ ಒಲೆ ಮುಂದೆ ಬ್ಯಾಡ."

ಅವಳು ಅನ್ನ ಬಡಿಸುವುದನ್ನೂ ನಿಲ್ಲಿಸಿದಳು.

ಇಡೀ ಊರಿನೆದುರು ಅರಗಿನ ಮುದ್ರೆ ಒಡೆದೆವು. ಬಂದಿದ್ದ ಮೂರು ಲಕೋಟೆಗಳಲ್ಲಿ ಕಡಿಮೆ ದರ ಕರಿಬಸಪ್ಪನದು. ಜನ ಚಪ್ಪಾಳೆ ತಟ್ಟಿದರು. ನಾನು ದಿನವೂ ಕೆಲಸಗಾರರ ಬಿದಿರಿನ ಏಣಿ ಹತ್ತಿ ಮಹಡಿಯ ತಪಾಸಣೆ ಮಾಡಿದೆ. ಒಂದು ದಿನ ಕರಿಬಸಪ್ಪ ಬಾಯಿ ತೆರೆಯುವಷ್ಟರಲ್ಲಿ, "ಷರತ್ತು ಓದ್ರಿ" ಎಂದೆ.

"ಓದೀನ್ರಿ. ಅದಕ್ಕೇ ಸುಮ್ಕದೀನಿ" ಎಂದ.

ಉದ್ಘಾಟನೆಗೆ ಅಮಲ್ದಾರರು ಬರುವವರಿದ್ದರು. ನಾನು ಬೆಳಿಗ್ಗೆಯೇ ಮಹಡಿ ಹತ್ತಿ ಮಾವಿನ ತೋರಣ ಕಟ್ಟುತ್ತಿದ್ದೆ. ಕೆಲಸ ಮುಗಿಯಿತೆಂದು ಕರಿಬಸಪ್ಪನ ಆಳುಗಳು ಏಣಿಯನ್ನೂ ಕಂಬಗಳನ್ನೂ ಗಾಡಿಗೆ ಹೇರಿಕೊಂಡು ಹರಿಹರಕ್ಕೆ ಹೊರಟೇಬಿಟ್ಟರು. ಅಮಲ್ದಾರರು ಕೆಳಗೆ ಟೇಪು ಕತ್ತರಿಸಿ, ಇಂಥ ನ್ಯಾಯವಾದ ಟೆಂಡರನ್ನು ತಾವು ಕಂಡಿಲ್ಲವೆಂದು ಭಾಷಣ ಮಾಡಿ, ತಲೆಯೆತ್ತಿ ಕೇಳಿದರು.

"ಮೇಷ್ಟ್ರೇ, ಮೇಲಕ್ಕೆ ಹೇಗೆ ಬರೋದು?"

"ಬರ್ರಿ ಸ್ವಾಮಿ, ಮೆಟ್ಟಿಲು..." ಎಂದು ಗತ್ತಿನಿಂದ ಬಾಗಿಲು ತೆರೆದೆ. ಆಚೆ ಬರೀ ಗಾಳಿ! ಚೌಕಟ್ಟು ಹಿಡಿದುಕೊಂಡದ್ದರಿಂದ ಬದುಕಿದೆ.

ಕರಿಬಸಪ್ಪ ನನ್ನ ಎರಡೂ ಹಾಳೆ ಬಿಡಿಸಿ ಅಮಲ್ದಾರರಿಗೆ ತೋರಿಸಿದ. "ಇದ್ರಾಗಿಲ್ರಿ. ಇದ್ರಾಗೂ ಇಲ್ರಿ."

ಸ್ಲೇಟು ಹಿಡಿದು ಸಾಲಾಗಿ ನಿಂತಿದ್ದ ಮಕ್ಕಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಈ ಮಳೆಗಾಲವೂ ಅವರಿಗೆ ಗುಡಿಯ ಕಟ್ಟೆಯೇ ಗತಿ. ಅವರಿಗೆ ಮಾತ್ರ ಸಂಕಟವೇನೂ ಇರಲಿಲ್ಲ. ವಿಷಯ ತಿಳಿದೊಡನೆ ಕುಣಿಯತೊಡಗಿದರು.

"ಯಾರಾದ್ರೂ ಒಂದು ಏಣಿ ತರ್ರಪ್ಪಾ" ಎಂದಳು ಗಂಗಮ್ಮ.

"ತಡೀರಿ ತಾಯಿ," ಎಂದರು ಅಮಲ್ದಾರರು, "ಏಣಿಗೂ ಮೂರು ಲಕೋಟೆ ಬರಲಿ."

ಊರೆಲ್ಲ ಬಿದ್ದುಬಿದ್ದು ನಕ್ಕಿತು. ಹೊಸ ಕೊಠಡಿಯಲ್ಲಿ ಅಂದು ಹಾಜರಿದ್ದ ವಿದ್ಯಾರ್ಥಿ ನಾನೊಬ್ಬನೇ. ಸಂಜೆ ಶಾಲೆ ಬಿಟ್ಟರು, ನನ್ನನ್ನು ಮಾತ್ರ ಬಿಡಲಿಲ್ಲ.