ಕನ್ನಡದಲ್ಲೇ ಸೋತ ನಮ್ಮ ಮಾವ

ನಮ್ಮ ಸೋದರಮಾವನಷ್ಟು ಶ್ರದ್ಧೆಯಿಂದ ಸೋತ ಮನುಷ್ಯ ದಿಲ್ಲಿಯಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸೋತವರ ಮೇಲೆ ಯಾರಿಗೆ ತಾನೆ ಹೊಟ್ಟೆಕಿಚ್ಚು? ಇಪ್ಪತ್ತೇಳು ವರ್ಷ ಅವರು ಅಲ್ಲಿನ ಒಂದು ಹುಡುಗಿಯರ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದರು. ಅಷ್ಟೂ ವರ್ಷ ತಂಡ ಕಟ್ಟಿಕೊಂಡು ಅಂತರ ಕಾಲೇಜು ಪಂದ್ಯಾವಳಿಗೆ ಹೋದರು. ಏಳು ಸಲ ಫೈನಲ್ ಮುಟ್ಟಿದರು. ಕಪ್ಪನ್ನು ಮಾತ್ರ ಒಂದು ಸಲವೂ ಮುಟ್ಟಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಮ್ಮ ಮಾವನಿಗೆ ಅದು ಗಾದೆಯಲ್ಲ, ವಾರ್ಷಿಕ ಕಾರ್ಯಕ್ರಮ.

ನಾನು ಎಂ.ಎ. ಓದಲು ಮೈಸೂರಿನಿಂದ ಹೋಗಿ ಮಯೂರ್ ವಿಹಾರದ ಅವರ ಫ್ಲ್ಯಾಟಿನಲ್ಲಿ ಇಳಿದುಕೊಂಡಾಗ ಮಾವನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಮ್ಮ ಕಡೆಗೆ ಮೆಟ್ರೋ ಇನ್ನೂ ಬಂದಿರಲಿಲ್ಲ. ಸ್ಟೇಷನ್ನಿನಿಂದ ಆಟೋದಲ್ಲಿ ಮನೆ ತಲುಪುವಷ್ಟರಲ್ಲಿ ಅವರು ಆಡಿದ್ದು ಮೂರೇ ಮಾತು: "ಬಂದ್ಯೇನೇ", "ಅಕ್ಕ ಹೇಗಿದಾಳೆ", "ಕೈ ಒಳಗೆ ಇಟ್ಕೊ". ಮೂರನೆಯದು ಆಟೋದಿಂದ ಆಚೆ ಚಾಚಿದ್ದ ನನ್ನ ಕೈಗೆ ಸಂಬಂಧಿಸಿದ್ದು. ಮನೆಯೊಳಗೆ ಕಾಲಿಟ್ಟ ಮೇಲೆ ಅದೂ ನಿಂತುಹೋಯಿತು.

ಅತ್ತೆ ಪಂಜಾಬಿ, ತವರು ದಿಲ್ಲಿಯದೇ ಪೀತಮ್‌ಪುರ. ಮಾವನ ಕಾಲೇಜಿನಲ್ಲೇ ಗಣಿತ ಕಲಿಸುತ್ತಿದ್ದರು. ಇಬ್ಬರು ಮಕ್ಕಳೂ ಹಿಂದಿಯಲ್ಲೇ ಬೆಳೆದು, ಓದು ಮುಗಿಸಿ, ಬೇರೆ ಊರುಗಳಲ್ಲಿ ಕೆಲಸಕ್ಕಿದ್ದರು. ಮಾವನ ಹಿಂದಿಯಲ್ಲಿ ತಪ್ಪಿರಲಿಲ್ಲ, ಆದರೆ ರೇಷನ್ ಅಂಗಡಿಯ ಸಕ್ಕರೆಯ ಹಾಗೆ ತಿಂಗಳಿಗೆ ಇಷ್ಟೇ ಎಂದು ಅಳತೆಯಲ್ಲಿ ಸಿಗುತ್ತಿತ್ತು. "ತೇರೇ ಮಾಮಾಜೀ ಘರ್ ಮೇಂ ಮೌನವ್ರತ್ ರಖ್ತೇ ಹೈಂ," ಅಂತ ಅತ್ತೆ ನನಗೆ ಮೊದಲ ದಿನವೇ ಎಚ್ಚರಿಕೆ ಕೊಟ್ಟರು. ಮನೆಯಲ್ಲಿ ಮೌನವ್ರತವಂತೆ! ಹಾಗಾದರೆ ವ್ರತಭಂಗ ಎಲ್ಲಿ?

ಅದು ಗೊತ್ತಾಗಿದ್ದು ಮೂರನೆಯ ದಿನ, ಮನೆಯ ಕೀಲಿಗಾಗಿ ಕಾಲೇಜಿಗೆ ಹೋದಾಗ. ಗೇಟಿನ ಹತ್ತಿರವೇ ಯಾರೋ ಗಂಟಲು ಹರಿಯುವ ಹಾಗೆ ಕನ್ನಡದಲ್ಲಿ ಕೂಗುತ್ತಿದ್ದರು. "ಎಡಕ್ಕೆ ಹೋಗೇ, ಎಡಕ್ಕೆ! ಹಿತ್ತಲು, ಹಿತ್ತಲು ನೋಡು! ಕಾಲೆತ್ತೇ, ಕಾಲೇನು ಬಾಡಿಗೇದಾ?" ಒಳಗೆ ಹೋಗಿ ನೋಡುತ್ತೇನೆ, ಕೊರಳಿಗೆ ಸೀಟಿ ಕಟ್ಟಿಕೊಂಡ ನಮ್ಮ ಮಾವ. ಅವರ ಕೂಗಿಗೆ ತಕ್ಕಂತೆ ಎಡಕ್ಕೂ ಬಲಕ್ಕೂ ಓಡುತ್ತಿದ್ದವರು ರೋಹತಕ್, ಲುಧಿಯಾನ, ಇಂಫಾಲದ ಹುಡುಗಿಯರು. ಒಬ್ಬಳು ಚೆಂಡನ್ನು ಬುಟ್ಟಿಗೆ ಹಾಕುವುದಕ್ಕೆ ಹೋಗಿ ತಪ್ಪಿಸಿದಳು. ಮಾವ ಬೈಯುತ್ತಾರೆ ಅಂದುಕೊಂಡೆ. ಅವರು ದನಿ ಇಳಿಸಿ, "ಹೋಗ್ಲಿ ಬಿಡೇ, ಮುಂದಿಂದು ನೋಡು," ಅಂದರು. ಆ ಹುಡುಗಿ ತಲೆಯಾಡಿಸಿ ಓಡಿದಳು. ಅಲ್ಲಿದ್ದಷ್ಟು ಹೊತ್ತೂ ಅದೇ ಮಾತನ್ನು ಮತ್ತೆ ಮತ್ತೆ ಕೇಳಿದೆ. ಯಾರು ಎಷ್ಟೇ ತಪ್ಪು ಮಾಡಲಿ, ಅಷ್ಟೇ.

ಇದಕ್ಕೆ ಮಾವ ಕೊಡುತ್ತಿದ್ದ ಕಾರಣ ಬಹಳ ಗಂಭೀರವಾದದ್ದು. ಆಟದ ತಂತ್ರ ಎದುರಾಳಿಗೆ ತಿಳಿಯಬಾರದು. ದಿಲ್ಲಿಯಲ್ಲಿ ಕನ್ನಡಕ್ಕಿಂತ ಭದ್ರವಾದ ಬೀಗ ಯಾವುದು? ಹಾಗಾಗಿ ಪ್ರತಿ ತಂತ್ರಕ್ಕೂ ಒಂದು ಕನ್ನಡದ ಹೆಸರು. ಎದುರಾಳಿಗಳ ಬೆನ್ನ ಹಿಂದಿನಿಂದ ನುಸುಳಿದರೆ 'ಹಿತ್ತಲು'. ಚೆಂಡನ್ನು ಕೈಯಿಂದ ಕೈಗೆ ಕೊಡುತ್ತ ಅವಸರವಿಲ್ಲದೆ ಕಾದರೆ 'ಇಡ್ಲಿ', ಯಾಕೆಂದರೆ ಹಬೆ ಬರುವ ತನಕ ಮುಚ್ಚಳ ತೆಗೆಯಬಾರದು. ಆಟ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಎಲ್ಲರೂ ಬಲಗಡೆ ಗದ್ದಲ ಮಾಡಿ, ಎಡಗಡೆ ಒಂಟಿಯಾಗಿ ನಿಂತ ಹುಡುಗಿಗೆ ಚೆಂಡು ಎಸೆಯುವುದು 'ಒಗ್ಗರಣೆ'. ಈ ಹುಡುಗಿಯರು ಒಮ್ಮೆ ಕರೋಲ್ ಬಾಗಿನ ಒಂದು ಕನ್ನಡದವರ ಹೋಟೆಲಿಗೆ ಹೋಗಿ, "ಭಯ್ಯಾ, ಪಾಂಚ್ ಪ್ಲೇಟ್ ಒಗ್ಗರಣೆ," ಅಂದಿದ್ದರಂತೆ. ಮಾಣಿ ಒಳಗೆ ಹೋಗಿ ಭಟ್ಟರನ್ನೇ ಕರೆದುಕೊಂಡು ಬಂದ.

ನಾನು ಹೋಗುವುದಕ್ಕೆ ಬಹಳ ಮುಂಚೆ ಒಮ್ಮೆ ಇದು ದೂರಿಗೂ ಹೋಗಿತ್ತಂತೆ. ಮೈದಾನದ ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಮೇಡಂ ಒಬ್ಬರು, ಕೋಚ್ ಸಾಹೇಬರು ಹುಡುಗಿಯರನ್ನು ಮದ್ರಾಸಿ ಭಾಷೆಯಲ್ಲಿ ಅವಾಚ್ಯವಾಗಿ ಬೈಯುತ್ತಾರೆ ಎಂದು ಬರೆದುಕೊಟ್ಟರು. ಪ್ರಿನ್ಸಿಪಾಲರು ವಿಚಾರಣೆಗೆ ಕೂತರು. ಆದರೆ ಬೈಗುಳವೋ ಅಲ್ಲವೋ ತೀರ್ಮಾನಿಸುವವರು ಯಾರು? ಕೊನೆಗೆ ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ತಂಗಿದ್ದ ಒಬ್ಬ ಕನ್ನಡದ ಅಧಿಕಾರಿಯನ್ನು ಕೈಮುಗಿದು ಕರೆತಂದರು. ಅವರು ಮೈದಾನದ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಒಂದು ಗಂಟೆ ಕೇಳಿದರು. ಬೈಗುಳ ಯಾವುದೂ ಇಲ್ಲ, ಆದರೆ ಇದನ್ನು ಊಟಕ್ಕೆ ಮುಂಚೆ ಕೇಳುವುದು ಕಷ್ಟ ಅಂತ ವರದಿ ಕೊಟ್ಟು ಹೋದರು.

ಹಾಗೆ ಕಲಿತ ಮಾತನ್ನು ಹುಡುಗಿಯರು ಮರೆಯುತ್ತಲೂ ಇರಲಿಲ್ಲ. ಒಂದು ಸಲ ಮಾವ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೋಗುವಾಗ ಸಿಗ್ನಲಿನಲ್ಲಿ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿ ಸೀಟಿ ಊದಿ ನಿಲ್ಲಿಸಿದರು. ತಪ್ಪು ನಮ್ಮದೇ, ಬಲಗಡೆಯಿಂದ ನುಗ್ಗಿದ್ದೆವು. ಆಕೆ ಹತ್ತಿರ ಬಂದು ಮಾವನ ಕಾಲು ಮುಟ್ಟಿ ನಮಸ್ಕರಿಸಿ, ಮುಖ ಬಿಗಿ ಮಾಡಿಕೊಂಡು, "ಎಡಕ್ಕೆ, ಸರ್. ಎಡಕ್ಕೆ," ಅಂದರು. ಮಾವ ಸ್ಕೂಟರು ತಳ್ಳಿಕೊಂಡು ಎಡಕ್ಕೆ ಬಂದರು.

ಈ ಎಲ್ಲ ಪಂದ್ಯಗಳಲ್ಲೂ ಅಂಕ ಬರೆಯುವ ಮೇಜಿನ ಹಿಂದೆ ಕೂರುತ್ತಿದ್ದವರು ನಮ್ಮ ಅತ್ತೆ. ಗಣಿತದ ಮೇಡಂ ಕೂಡಿದ್ದರಲ್ಲಿ ತಪ್ಪು ಹುಡುಕುವ ಧೈರ್ಯ ಯಾರಿಗೂ ಇರಲಿಲ್ಲ. ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು, ಕನ್ನಡಕದ ಮೇಲಿಂದ ಆಟ ನೋಡುತ್ತ, ಗೀಟು ಹಾಕುತ್ತ ಕೂರುತ್ತಿದ್ದರು. "ಇಷ್ಟು ವರ್ಷದಲ್ಲಿ ನೀವು ಕನ್ನಡ ಕಲಿಯಲೇ ಇಲ್ಲವಾ ಮಾಮೀಜೀ?" ಅಂತ ನಾನು ಹಿಂದಿಯಲ್ಲಿ ಕೇಳಿದ್ದಕ್ಕೆ ಅತ್ತೆ ಕೈಯಲ್ಲಾಡಿಸಿಬಿಟ್ಟಿದ್ದರು. "ಮುಝೇ ತೋ ಏಕ್ ಅಕ್ಷರ್ ನಹೀಂ ಆತಾ." ಒಂದಕ್ಷರವೂ ಬಾರದಂತೆ. ಇರಬಹುದು ಅಂತ ನಾನೂ ನಂಬಿದ್ದೆ.

ಮಾವನ ಕೊನೆಯ ವರ್ಷ ತಂಡ ಏಳನೆಯ ಸಲ ಫೈನಲ್ ಮುಟ್ಟಿತು. ಆ ತಿಂಗಳ ಕೊನೆಗೆ ನಿವೃತ್ತಿ. ಅಂದರೆ ಮುಂದಿನ ವರ್ಷ ಎನ್ನುವ ಮಾತೇ ಇಲ್ಲ. ಹುಡುಗಿಯರು ಹಟ ಹಿಡಿದಿದ್ದರು. ಸರ್ ಕೈಗೆ ಕಪ್ ಕೊಟ್ಟೇ ಕಳಿಸುವುದು ಅಂತ ರೋಹತಕ್‌ನ ಕ್ಯಾಪ್ಟನ್ ಹುಡುಗಿ ನನ್ನ ಹತ್ತಿರವೇ ಆಣೆ ಹಾಕಿದ್ದಳು. ಪಂದ್ಯದ ಬೆಳಗ್ಗೆ ಮಾವ ಎರಡು ಸಲ ಗಡ್ಡ ಹೆರೆದುಕೊಂಡದ್ದನ್ನು ನಾನು ನೋಡಿದೆ. ಅತ್ತೆಗೆ ಮಂಡಿನೋವು ಜೋರಾಗಿ ಡಾಕ್ಟರು ಮೆಟ್ಟಿಲು ಇಳಿಯಬೇಡಿ ಅಂದಿದ್ದರು. ಮೊದಲ ಬಾರಿಗೆ ಅವರಿಲ್ಲದೆ ನಾವಿಬ್ಬರೇ ಹೊರಟೆವು.

ಆಟ ಶುರುವಾಗಿ ಐದು ನಿಮಿಷಕ್ಕೆ ಏನೋ ಎಡವಟ್ಟಾಗಿದೆ ಅಂತ ತಿಳಿಯಿತು. ಮಾವ 'ಹಿತ್ತಲು' ಅಂದರೆ ಎದುರು ತಂಡದ ಒಬ್ಬ ಸಣ್ಣ ಹುಡುಗಿ ಮೊದಲೇ ಹಿಂದೆ ಹೋಗಿ ನಿಂತಿರುತ್ತಿದ್ದಳು. 'ಎಡಕ್ಕೆ' ಅಂದರೆ ನಮ್ಮವರಿಗಿಂತ ಮುಂಚೆ ಅವಳು ಎಡಕ್ಕೆ. ಎರಡು ಜಡೆ, ಗಾಳಿಯಂಥ ಓಟ. ಅರ್ಧ ಆಟ ಮುಗಿದಾಗ ನಾವು ಎಂಟು ಅಂಕ ಹಿಂದೆ. ವಿರಾಮದ ಸೀಟಿ ಆದದ್ದೇ ಆ ಹುಡುಗಿ ನೇರ ನಮ್ಮ ಬೆಂಚಿನ ಹತ್ತಿರ ಬಂದು ಮಾವನ ಮುಂದೆ ತಲೆ ತಗ್ಗಿಸಿ ನಿಂತಳು.

"ಸರ್, ಸಾರಿ. ನೀವು ಹೇಳೋದು ಎಲ್ಲಾ ನಂಗೆ ಸಮಝ್ ಆಗ್ತಾ ಉಂಟು. ಅದು ಚೀಟಿಂಗ್ ಆಗ್ತದಾ?"

ಮಾವ ಆಗ, ಹೊರನಾಡಿನ ಕನ್ನಡಿಗರು ಮಾತ್ರ ಮಾಡಬಲ್ಲ ತಪ್ಪನ್ನು ಮಾಡಿದರು.

"ಯಾವ ಊರಮ್ಮ?"

"ಕುಂದಾಪುರ ಸೈಡ್. ಆದ್ರೆ ನಾನು ಇಲ್ಲೇ ಹುಟ್ಟಿದ್ದು. ಪಪ್ಪಂದು ಹೋಟೆಲ್ ಉಂಟು, ಕರೋಲ್ ಬಾಗಲ್ಲಿ."

"ಅಡುಗೆ ಯಾರು ಮಾಡ್ತಾರೆ? ಅಪ್ಪನೇನಾ?"

"ಸಂಡೇ ಪಪ್ಪ. ಬಾಕೀ ದಿನ ಭಟ್ಟರು."

"ಮನೇಲಿ ಕನ್ನಡ ಮಾತಾಡ್ತೀರಾ?"

"ಮಮ್ಮಿ ಮಾತಾಡ್ತಾರೆ. ನಾನು ಸುನ್‌ತೀನಿ."

ಹೀಗೇ ಹೋಯಿತು. ಅಜ್ಜಿ ಇದ್ದಾರಾ, ಊರಿಗೆ ಹೋಗುತ್ತೀರಾ, ಯಾವ ರೈಲು. ಈ ಕಡೆ ನಮ್ಮ ಹುಡುಗಿಯರು ಟವೆಲ್ ಕಚ್ಚಿಕೊಂಡು ಕಾಯುತ್ತಿದ್ದರು. ನಾನು ಮಾವನ ಅಂಗಿ ಜಗ್ಗಿದೆ. ಇಪ್ಪತ್ತೇಳು ವರ್ಷ ಕಾದ ಕಪ್ ಕೈಜಾರುತ್ತಿರುವಾಗ ಯಾರಾದರೂ ಕುಂದಾಪುರದ ರೈಲಿನ ಸಮಯ ಕೇಳುತ್ತಾರೆಯೇ? ಮಾವ ಕೊನೆಗೆ, "ಚೀಟಿಂಗ್ ಅಲ್ಲ. ಕಿವಿ ಇರೋದೇ ಕೇಳಿಸ್ಕೊಳ್ಳೋಕೆ. ಚೆನ್ನಾಗಿ ಆಡು," ಅಂತ ಅವಳನ್ನು ಕಳಿಸಿ ತಿರುಗುವಷ್ಟರಲ್ಲಿ ವಿರಾಮ ಮುಗಿದಿತ್ತು.

ಕ್ಯಾಪ್ಟನ್ ಹುಡುಗಿ ಅಳುವುದೊಂದು ಬಾಕಿ. "ಸರ್, ಅಬ್ ಹಿಂದೀ ಮೇಂ ಬೋಲೋ. ಪ್ಲೀಸ್."

ಮಾವ ಒಪ್ಪಿದರು. ಆಟ ಶುರುವಾಯಿತು. ಮಾವ, "ಬಾಯೇಂ, ಬಾಯೇಂ," ಅಂತ ಹಿಂದಿಯಲ್ಲಿ ಎಡಕ್ಕೆ ಕಳಿಸಿದರು. ನಮ್ಮ ಐವರೂ ನಿಂತಲ್ಲೇ ನಿಂತು ಮಾವನ ಮುಖ ನೋಡಿದರು. ಅದು ಅವರು ಮೈದಾನದ ಆಚೆ ದಿನವಿಡೀ ಆಡುವ ಭಾಷೆ. ಆದರೆ ಆ ಅಂಗಳದಲ್ಲಿ ಅವರ ಕಾಲುಗಳಿಗೆ ಗೊತ್ತಿದ್ದದ್ದು ಕನ್ನಡ ಮಾತ್ರ. ಹಿಂದಿ ಕಿವಿಯಿಂದ ಕಾಲಿಗೆ ಇಳಿಯುವಷ್ಟರಲ್ಲಿ ಚೆಂಡು ಹೋಗಿಯೇಬಿಡುತ್ತಿತ್ತು. ಹತ್ತು, ಹನ್ನೆರಡು, ಹದಿನಾಲ್ಕು ಅಂಕ ಹಿಂದೆ. ಕ್ಯಾಪ್ಟನ್ ಓಡುತ್ತಲೇ ಬೆಂಚಿನ ಕಡೆ ತಿರುಗಿ ಹೇಳಿದಳು, "ಸರ್, ಕನ್ನಡಾ ಹೀ ಬೋಲೋ. ಹಾರೇಂಗೇ ತೋ ಹಾರೇಂಗೇ." ಸೋತರೆ ಸೋಲೋಣ, ಕನ್ನಡದಲ್ಲೇ ಹೇಳಿ.

ಆಮೇಲೆ ಅವರು ಆಡಿದ ಆಟವನ್ನು ನಾನು ಬರೆಯಲಾರೆ. ಎದುರಿನ ಹುಡುಗಿಗೆ ಎಲ್ಲ ತಿಳಿಯುತ್ತಿತ್ತು, ನಮ್ಮವರಿಗೂ ಅದು ಗೊತ್ತಿತ್ತು, ಆದರೂ ಅವಳಿಗಿಂತ ಒಂದು ಹೆಜ್ಜೆ ಮುಂಚೆ ಓಡಿದರು. ಹನ್ನೊಂದು ಸೆಕೆಂಡು ಉಳಿದಾಗ ಒಂದೇ ಅಂಕ ಹಿಂದೆ, ಚೆಂಡು ನಮ್ಮ ಕೈಯಲ್ಲಿ. ಮಾವ ಎದ್ದು ನಿಂತರು. ಇಂಥ ಹೊತ್ತಿಗೆಂದು ಅವರ ಬಳಿ ಇದ್ದದ್ದು ಒಂದೇ ತಂತ್ರ.

"ಒಗ್ಗರಣೆ!"

ನಮ್ಮ ನಾಲ್ವರು ಬಲಕ್ಕೆ ನುಗ್ಗಿದರು, ಎದುರು ತಂಡವೂ ಬಲಕ್ಕೆ ನುಗ್ಗಿತು. ಎಡಗಡೆಯ ಒಂಟಿ ಹುಡುಗಿಗೆ ಚೆಂಡು ಹಾರಿತು. ಅದು ಅವಳ ಕೈ ಸೇರುವ ಮುಂಚೆ ಎರಡು ಜಡೆಯ ಹುಡುಗಿ ಎಲ್ಲಿಂದಲೋ ಬಂದು ಕಿತ್ತುಕೊಂಡಳು. ಸೀಟಿ ಆಯಿತು. ಅವಳ ಗೆಳತಿಯರು ಕುಣಿಯುತ್ತಿದ್ದರೆ ಅವಳು ಮತ್ತೆ ಮಾವನ ಹತ್ತಿರ ಬಂದಳು.

"ಸರ್, ಒಗ್ಗರಣೆ ಪಪ್ಪ ಲಾಸ್ಟಿಗೇ ಹಾಕೋದು, ಒಂದು ಸೈಡಲ್ಲಿ, ಅಲಗ್ ಸೌಟಲ್ಲಿ. ಅದಕ್ಕೇ ನಾನು ಅಲಗ್ ನಿಂತವಳನ್ನೇ ನೋಡಿದ್ದು."

ಮಾವ ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ತಮ್ಮ ಹುಡುಗಿಯರ ಹತ್ತಿರ ಹೋಗಿ, ನೆಲದ ಮೇಲೆ ಕೂತು ಅಳುತ್ತಿದ್ದ ಒಬ್ಬೊಬ್ಬಳಿಗೂ ಬಗ್ಗಿ, "ಹೋಗ್ಲಿ ಬಿಡೇ, ಮುಂದಿಂದು ನೋಡು," ಅಂತ ಹೇಳಿಕೊಂಡು ಬಂದರು. ಹುಡುಗಿಯರಿಗೆ ಮುಂದಿನ ವರ್ಷ ಇತ್ತು. ಮಾವನಿಗೆ ಇರಲಿಲ್ಲ. ಅವರಿಗೆ ಆ ಮಾತು ಹೇಳುವವರು ಯಾರು?

ಸಂಜೆ ಆಟೋ ಯಮುನೆಯ ಸೇತುವೆ ದಾಟುವಾಗ ಮಾವ ತಾವಾಗಿಯೇ ಮಾತಾಡಿದರು. "ಇಪ್ಪತ್ತೇಳು ವರ್ಷ ಕೂಗಿದೀನಿ ಕಣೇ. ನಮ್ಮ ಹುಡುಗೀರು ಕಲ್ತಿದ್ದು ಆಟ. ಮಾತು ಅಂತ ಕೇಳಿಸ್ಕೊಂಡೋಳು ಆ ಎರಡು ಜಡೆ ಹುಡುಗಿ ಒಬ್ಬಳೇ. ಬೀಗ ಗೀಗ ಎಲ್ಲಾ ಸುಳ್ಳು. ನನಗೆ ಇನ್ನೆಲ್ಲಿತ್ತು, ಕನ್ನಡ ಆಡೋಕೆ ಜಾಗ?" ಅಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಎರಡು ವರ್ಷ ಒಂದೇ ಮನೆಯಲ್ಲಿದ್ದು, ಅವರ ಮೌನವನ್ನು ಊರಿಗೆ ಫೋನ್ ಮಾಡಿ ತಮಾಷೆಯಾಗಿ ಹೇಳಿದವಳು ನಾನು.

ಬಾಗಿಲು ತೆರೆದ ಅತ್ತೆ ಮಾವನ ಮುಖ ನೋಡಿದರು. ಗೆದ್ದಿರಾ ಸೋತಿರಾ ಎಂದು ಕೇಳಲಿಲ್ಲ. ಮಾವ ಕುರ್ಚಿಯಲ್ಲಿ ಕೂತು ಶೂಗಳ ಲೇಸು ಬಿಚ್ಚತೊಡಗಿದರು; ಗಂಟು ಬಿಗಿದುಕೊಂಡಿತ್ತು, ಬಿಚ್ಚಲಾಗಲಿಲ್ಲ. ಕೊರಳಲ್ಲಿ ಸೀಟಿ ಹಾಗೇ ಇತ್ತು. ಅತ್ತೆ ಕುಂಟುತ್ತ ಹತ್ತಿರ ಬಂದು, ಅವರ ಭುಜ ಹಿಡಿದು, ಆ ಸೀಟಿಯ ದಾರವನ್ನು ತಲೆಯ ಮೇಲಿಂದ ನಿಧಾನವಾಗಿ ತೆಗೆದರು. ತೆಗೆದು, ಅಚ್ಚ ಪಂಜಾಬಿ ನಾಲಿಗೆಯಲ್ಲಿ ಹೇಳಿದರು:

"ಹೋಗ್ಲಿ ಬಿಡೇ. ಮುಂದಿಂದು ನೋಡು."

ಮಾವ ತಲೆಯೆತ್ತಿದರು. "ನಿನಗೆ ಬರುತ್ತಾ?" ಅಂದರು, ಕನ್ನಡದಲ್ಲಿ.

"ಸತ್ತಾಯೀಸ್ ಸಾಲ್ ಸೇ ಮೇರೇ ಸಾಮನೇ ಚಿಲ್ಲಾ ರಹೇ ಹೋ," ಅಂದರು ಅತ್ತೆ. "ಬಹರೀ ಹೂಂ ಕ್ಯಾ?" ಇಪ್ಪತ್ತೇಳು ವರ್ಷದಿಂದ ನನ್ನೆದುರೇ ಕೂಗ್ತಿದೀರಿ, ನಾನೇನು ಕಿವುಡಿಯೇ?

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಆಪ್ ನೇ ಕಭೀ ಪೂಛಾ?"

ನೀವು ಯಾವತ್ತಾದರೂ ಕೇಳಿದಿರಾ? ಅತ್ತೆ ನೋವಿನ ಮಂಡಿಯನ್ನು ಹೇಗೋ ಮಡಿಸಿ ಎದುರಿನ ಬೆತ್ತದ ಮೋಢಾದ ಮೇಲೆ ಕೂತು, ಅವರ ಶೂವಿನ ಗಂಟಿಗೆ ಕೈ ಹಾಕಿದರು. ಮಾವ, "ಆ ಹುಡುಗಿ ಕುಂದಾಪುರದ ಕಡೆಯವಳು ಕಣೇ," ಅಂತ ಶುರುಮಾಡಿದರು. ನಾನು ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ರಾಜ್ಮಾ ಬಿಸಿಗಿಟ್ಟೆ. ಅವರಿಬ್ಬರ ಮಾತು ಮುಗಿಯಲೆಂದು ಮೂರು ಸಲ ಬಿಸಿ ಮಾಡಿದೆ.