ಚೆನ್ನಕೇಶವನ್‌ನ ನಾರ್ವೆ ವೀಸಾ

ನಾರ್ವೆಗೆ ಹೋಗುವ ಸುದ್ದಿಯನ್ನು ಚೆನ್ನಕೇಶವನ್ ಮೊದಲು ಬೀದಿಗೆ ಹೇಳಿದ, ಆಮೇಲೆ ಹೆಂಡತಿಗೆ, ಎಲ್ಲಕ್ಕಿಂತ ಕೊನೆಗೆ ವೀಸಾದವರಿಗೆ. ಎಡವಟ್ಟಾದದ್ದೇ ಇಲ್ಲಿ. ತಮಿಳು ಸೀಮೆಯ ಅವಿನಾಶಿಯ ನೇಕಾರರ ಬೀದಿಯಲ್ಲಿ ಒಮ್ಮೆ ಆಡಿದ ಜಂಬದ ಮಾತನ್ನು ವಾಪಸು ಪಡೆಯುವುದಕ್ಕಿಂತ ನಾರ್ವೆಗೆ ನಡೆದೇ ಹೋಗುವುದು ಸುಲಭ.

ನಾರ್ವೆಯ ಒಂದು ಕೈಮಗ್ಗದ ಶಾಲೆಯವರು ಅವನ ಸೀರೆಯನ್ನು ಎಲ್ಲೋ ನೋಡಿ ಮೆಚ್ಚಿದ್ದರು. ಕೈಕೆಲಸ ವಿಡಿಯೋದಲ್ಲಿ ತೋರಿಸಿದರೆ ಕೆಲಸ ಕೊಡುತ್ತೇವೆ, ಸರಿಯಾದ ವೀಸಾ ಯಾವುದೆಂದು ನೀವೇ ಹುಡುಕಿಕೊಳ್ಳಿ ಎಂದಿದ್ದರು.

"ಏನುಂಗ, ನಾನು?" ಎಂದಳು ಹೆಂಡತಿ ಪೆರಿಯನಾಯಕಿ.

"ನೀನೂ ಬರ್ತಿ ಅಮ್ಮಣಿ. ವೇಲೆ ಮಾಡೋನಿಗೆ ಒಂದು ವೀಸಾ, ಅವನ ಮೂಟೆಗೊಂದು ವೀಸಾ. ನೀನು ಮೂಟೆ ಲೆಕ್ಕ."

ಮೂಟೆ ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆ ಕೂಡಿಸುತ್ತಲೇ ಇತ್ತು. ಮಗ್ಗದ ಮೇಲಿನ ಹಾಸು ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಆ ಮನೆತನದಲ್ಲಿ ಅದು ಹೆಂಗಸರ ಪಾಲು. ಆದ್ದರಿಂದ ಅದನ್ನು ಯಾರೂ ವೇಲೆ, ಅಂದರೆ ಕೆಲಸ, ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪೀಳಮೇಡಿನ ಏಜೆಂಟ್ ದೀನದಯಾಳನ್ ಬಳಿ ವೀಸಾಗಳ ಸಂತೆಯೇ ಇತ್ತು. ಟೂರಿಸ್ಟ್ ಆಗಿ ಹೋಗಿ ಅಲ್ಲೇ ಮಾಯವಾಗಿ ಎಂದ. ಬೇಡವೆಂದಾಗ ವಿದ್ಯಾರ್ಥಿ ವೀಸಾ ಎಂದ. (ಚೆನ್ನಕೇಶವನ್‌ಗೆ ಆಗಲೇ ಮೀಸೆ ನರೆತಿತ್ತು.) ಕೊನೆಗೆ ಅಂಗಿಯ ಸಂದಿಯಿಂದ ಇಣುಕುತ್ತಿದ್ದ ಜನಿವಾರ ಕಂಡು, ಪೂಜಾರಿ ವೀಸಾವೇ ಸರಿ ಎಂದು ತೀರ್ಪು ಕೊಟ್ಟ. ನಮ್ಮವನಿಗೆ ಬರುತ್ತಿದ್ದದ್ದು ಒಂದೂವರೆ ಮಂತ್ರ. ಆದರೂ ಮನೆಗೆ ಬಂದು ಗಂಟೆ ಅಲ್ಲಾಡಿಸುವ ಅಭ್ಯಾಸ ಶುರುಮಾಡಿದ.

ಕಾಲೇಜಿನಲ್ಲಿ ಓದುವ ಮಗಳು ನಿತ್ಯಾ ಆ ಗಂಟೆ ಕಸಿದಿಟ್ಟು, ನಾರ್ವೆ ಸರ್ಕಾರದ ವೆಬ್‌ಸೈಟನ್ನೇ ತೆರೆದು ನೋಡಿದಳು. ನುರಿತ ಕೆಲಸಗಾರರಿಗೇ ಬೇರೆ ವೀಸಾ ಇತ್ತು, ಅವರ ಮನೆಯವರಿಗೂ ಜೊತೆಗೆ ಹೋಗುವ ವೀಸಾ ಇತ್ತು. ಏಜೆಂಟನ ಹಂಗೇ ಬೇಕಿರಲಿಲ್ಲ.

ಪರೀಕ್ಷೆಯ ದಿನ ಬಂತು. ಮೊಬೈಲಿನಲ್ಲಿ ಕಾಣಿಸಿಕೊಂಡ ನಾರ್ವೆಯ ಹೆಂಗಸು ಹಾಸು ಕೂಡಿಸುವುದರಿಂದಲೇ ತೋರಿಸಿ ಎಂದಳು. ಚೆನ್ನಕೇಶವನ್‌ಗೆ ನಗು ಬಂತು. ಅದು ವೇಲೆಯಲ್ಲ, ವೇಲೆಗೆ ಮುಂಚಿನ ಸಂಗತಿ ಎಂದು ಮಗಳ ಬಾಯಲ್ಲಿ ಹೇಳಿಸಿ, ಹೆಂಡತಿಯನ್ನು ಕೂರಿಸಿ, ತಾನು ಜರಿ ಅಂಚಿನ ಪಂಚೆ ಉಡಲು ಒಳಗೆ ಹೋದ. ಸಾವಕಾಶವಾಗಿಯೇ ಉಟ್ಟ. ಬಂದು ಮಗ್ಗದ ಗುಂಡಿಗೆ ಕಾಲಿಳಿಸಿ ಲಾಳಿ ಓಡಿಸಿದ. ನಡುವೆ ಒಂದೆಳೆ ಹರಿಯಿತು. ನೀವೇ ಕೂಡಿಸಿ ಎಂದಳು ಆಕೆ. ಕೂಡಿಸಿದ, ಬಿಚ್ಚಿಕೊಂಡಿತು. ಮತ್ತೆ ಕೂಡಿಸಿದ, ಪಕ್ಕದ್ದೂ ಹರಿಯಿತು. ಆಕೆ ನಕ್ಕಳು. ಪಂಚೆ ನೋಡಿ ಮೆಚ್ಚಿದಳೆಂದೇ ಅವನು ತಿಳಿದ.

ಶಾಲೆಯಿಂದ ಬಂದ ಉತ್ತರವನ್ನು ನಿತ್ಯಾ ಗಟ್ಟಿಯಾಗಿ ಓದಿದಳು. ನೇಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಹೀಗೆ ಹಾಸು ಕೂಡಿಸುವ ಕೈ ಇಲ್ಲ. ಕೆಲಸ ಶ್ರೀಮತಿ ಪೆರಿಯನಾಯಕಿಯವರಿಗೆ. ಗಂಡನನ್ನು ಕರೆತರಲು ಅಭ್ಯಂತರವಿಲ್ಲ.

ಪೆರಿಯನಾಯಕಿಗೆ ಸಂತೋಷವಾಯಿತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಬೂದಿ ಕೈಯಲ್ಲೇ ಮಗಳನ್ನು ತಬ್ಬಿಕೊಂಡಳು. ಚೆನ್ನಕೇಶವನ್ ಗೋಡೆಯ ಕಡೆ ತಿರುಗಿ ಕೂತು, ತಾನು ಬರುವುದಿಲ್ಲ ಎಂದ.

"ಸರಿ, ಇಲ್ಲೇ ಇರಿ," ಎಂದಳು ಅವಳು. "ಬೀದಿಯವರು ಕೇಳಿದ್ರೆ ನೀವೇ ಹೇಳಿಬಿಡಿ."

ಅಂದು ಸಂಜೆಯೇ ಅವನು ಪೆಟ್ಟಿಗೆ ಕಟ್ಟಲು ಕೂತ. ಇಬ್ಬರ ವೀಸಾವೂ ಬಂತು. ಬೀದಿಗೆಲ್ಲ ಮೈಸೂರುಪಾಕು ಹಂಚಿದ. ವೀಸಾ ಬಂತು ಎಂದನೇ ಹೊರತು ಯಾವ ವೀಸಾ ಎನ್ನಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಎರಡು ಪಾಸ್‌ಪೋರ್ಟನ್ನೂ ತಿರುವಿ ನೋಡಿ, ಅಲ್ಲಿ ಏನು ವೇಲೆ ಎಂದು ಚೆನ್ನಕೇಶವನ್‌ನನ್ನೇ ಕೇಳಿದ. ಇವನು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಪೆರಿಯನಾಯಕಿ ಮುಂದೆ ಬಂದಳು.

"ವೇಲೆ ನನಗೆ ಸಾರ್," ಎಂದಳು. "ಇವರು ನನ್ನ ಮೂಟೆ."

ಚೆನ್ನಕೇಶವನ್ ಎರಡೂ ಚೀಲಗಳನ್ನು ಹೆಗಲಿಗೇರಿಸಿಕೊಂಡು ಅವಳ ಹಿಂದೆ ನಡೆದ.