ಶಿಗ್ಗಾಂವಿಯ ರೇಡಿಯೋ ಮಹಾಶಯರಿಗೆ, ಬಿದ್ದುಹೋದ ರಾಜಧಾನಿಗಳ ವಿಷಯವಾಗಿ

ಶಿಗ್ಗಾಂವಿ,
ಆಷಾಢ ಮಾಸ, ೧೯೪೦

ಶಿಗ್ಗಾಂವಿ ಪೇಟೆಯ ಕುಬೇರಪ್ಪನವರ ಅಡತಿ ಅಂಗಡಿಯಲ್ಲಿ, ಹತ್ತಿಯ ಅಂಡಿಗೆಗಳ ನಡುವೆ, ಕಸೂತಿಯ ವಸ್ತ್ರ ಹೊದ್ದು ಎತ್ತರದ ಮಣೆಯ ಮೇಲೆ ವಿರಾಜಮಾನರಾಗಿರುವ, ಪ್ರತಿ ಸೋಮವಾರ ಹಣೆಗೆ ವಿಭೂತಿ ಹಚ್ಚಿಸಿಕೊಳ್ಳುವ, ಲಂಡನ್ನಿನವರ ಕೆಮ್ಮನ್ನು ಧಾರವಾಡ ಜಿಲ್ಲೆಯವರ ಕಿವಿಗೆ ತಪ್ಪದೆ ತಲುಪಿಸುವ ಶ್ರೀಮಾನ್ ರೇಡಿಯೋ ಮಹಾಶಯರ ಸನ್ನಿಧಿಗೆ ಅದೇ ಊರಿನ ವಕೀಲ ಗುರುರಾಜರಾಯರ ಮಗಳು ಸುಮನ್ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಬ್ಯಾಟರಿಯ ಕ್ಷೇಮಕ್ಕೆ ಬರೆಯಿಸಬೇಕೆಂದು ಕೇಳುವುದು ರೂಢಿ. ಆದರೆ ತಮ್ಮ ಬ್ಯಾಟರಿ ಕ್ಷೇಮವಾಗಿದ್ದಾಗಲೆಲ್ಲ ನಮ್ಮ ಕ್ಷೇಮ ಕೆಡುತ್ತ ಬಂದಿರುವುದರಿಂದ ಆ ಒಂದು ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ.

ಮಾನ್ಯರೇ,

ತಾವು ನನ್ನ ಮುಖ ಕಂಡಿಲ್ಲ. ಸಂಜೆಯ ಸುದ್ದಿಗೆ ಊರಿನ ಗಂಡಸರು ತಮ್ಮೆದುರು ಜಮಖಾನೆಯ ಮೇಲೆ ಕೂರುತ್ತಾರೆ, ನನ್ನ ತಂದೆ ನಿಂತುಕೊಂಡು ತಮ್ಮ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತಾರೆ, ಅಜ್ಜಿ ಗಂಗಾಬಾಯಿಯವರೊಡನೆ ನಾನು ಹಿಂದಿನ ಕೋಣೆಯ ಬಾಗಿಲ ಸಂದಿಯಿಂದ ಕೇಳುತ್ತೇನೆ. ನನ್ನ ತಕರಾರು ಚಿಕ್ಕದು. ವೈದ್ಯ ಕಲಿಯುವುದಕ್ಕೆ ನಾನು ಯಾವ ದೇಶವನ್ನು ಆರಿಸಿದರೂ ತಾವು ಕೆಲವೇ ತಿಂಗಳಲ್ಲಿ ಅದನ್ನು ಬೀಳಿಸಿಬಿಡುತ್ತೀರಿ. ಒಂದು ಸಲವಾದರೆ ಕೈತಪ್ಪು ಎಂದು ಸುಮ್ಮನಿರಬಹುದಾಗಿತ್ತು, ಎರಡನೆಯ ಸಲ ನನ್ನ ಗ್ರಹಚಾರ ಎಂದುಕೊಂಡೆ, ಈಗ ನಾಲ್ಕಾದ ಮೇಲೆ ತಮಗೆ ಬರೆಯದೆ ಗತ್ಯಂತರವಿಲ್ಲ.

ಪರದೇಶವೇ ಏಕೆ ಬೇಕಾಗಿತ್ತು ಎಂದು ತಾವು ಕೇಳಬಹುದು. ನಾನು ಮುಂಬಯಿಯೇ ಸಾಕು ಎಂದವಳು. ಆದರೆ ನಾನು ಮೆಟ್ರಿಕ್ಯುಲೇಶನ್ ಮುಗಿಸಿದ ವರ್ಷ ನಡೆದ ಸತ್ಕಾರ ಸಮಾರಂಭದಲ್ಲಿ, ತಂದೆಯವರ ಕೊರಳಲ್ಲಿ ಹಾರ ಬಿದ್ದ ಕ್ಷಣವೇ ಅವರು ಎದ್ದು ನಿಂತು ‘ಇವಳನ್ನು ಪರದೇಶಕ್ಕೆ ಕಳಿಸಿ ಡಾಕ್ಟರ್ ಮಾಡುತ್ತೇನೆ’ ಎಂದು ನಾಲ್ಕು ತಾಲೂಕಿನ ಜನರ ಮುಂದೆ ಸಾರಿಬಿಟ್ಟರು. ವಕೀಲರು ಕೋರ್ಟಿನಲ್ಲಿ ಆಡಿದ ಮಾತು ತಿರುಗಿಸಬಹುದು, ಹಾರ ಹಾಕಿಸಿಕೊಂಡು ಆಡಿದ್ದನ್ನು ತಿರುಗಿಸಲು ಬರುವುದಿಲ್ಲ.

ಡಾಕ್ಟರೇ ಏಕೆ ಎಂದು ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ನಾನು ಏಳು ವರ್ಷದವಳಿದ್ದಾಗ ನನ್ನ ತಾಯಿಗೆ ಹೆರಿಗೆ ಕಷ್ಟವಾಗಿ, ಹುಬ್ಬಳ್ಳಿಗಿಂತ ಹತ್ತಿರದಲ್ಲಿ ಹೆಣ್ಣು ಡಾಕ್ಟರ್ ಇಲ್ಲದ್ದರಿಂದ, ಅಜ್ಜಿ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಗಾಡಿ ತುಂಬಿ ಹರಿಯುತ್ತಿದ್ದ ತಡಸದ ಹಳ್ಳದ ದಂಡೆಯಿಂದ ಹಿಂದಕ್ಕೆ ಬಂತು. ತಾಯಿಯೂ ಕೂಸೂ ಹೋಗಿದ್ದರು. ಈ ವಿಷಯದಲ್ಲಿ ನನಗೆ ವ್ಯಂಗ್ಯವಾಗಿ ಬರೆಯಲು ಬರುವುದಿಲ್ಲ, ಕ್ಷಮಿಸಬೇಕು.

ದೇಶ ಆರಿಸುವಾಗ ನಮಗಿದ್ದ ನಿಬಂಧನೆಗಳು ತಮಗೆ ಗೊತ್ತಿದ್ದರೆ ತಾವು ಇಷ್ಟು ಧಾರಾಳವಾಗಿ ನಡೆದುಕೊಳ್ಳುತ್ತಿರಲಿಲ್ಲ. ಅಜ್ಜಿ ಮಡಿಯವರು, ಮನೆತನದಲ್ಲಿ ಸಮುದ್ರ ದಾಟಿದವರಿಲ್ಲ, ದಾಟುವುದೂ ಕೂಡದು. ತಂದೆಯವರು ಖಾದಿಯವರು, ಆಳುವವರ ಊರಿಗೆ ಹೋಗಿ ಅವರ ಕೈಯಿಂದ ಪದವಿ ತರಬಾರದು. ಹೀಗಾಗಿ ಸುತ್ತಲೂ ಉಪ್ಪು ನೀರಿರುವ, ನಡುವೆ ನಮ್ಮ ಸರಕಾರದವರಿರುವ ಇಂಗ್ಲೆಂಡ್ ಎರಡೂ ಕಡೆಯಿಂದ ಮೊದಲ ದಿನವೇ ಬಿದ್ದುಹೋಯಿತು. ಹಡಗು ಹತ್ತದೆ ಹೋಗಬಹುದಾದ ಪರದೇಶ ಯಾವುದು ಎಂದು ತಂದೆಯವರು ತಲೆ ಕೆಡಿಸಿಕೊಂಡಿದ್ದಾಗ ಅಜ್ಜಿ, “ಪರದೇಶನ ಬೇಕಂದ್ರ ಸವಣೂರ ಅದಲ್ಲೋ, ನವಾಬರ ರಾಜ್ಯ. ಮುಂಜಾನೆ ಹೋದ್ರ ಸಂಜೀಕ ಊಟಕ್ಕ ಮನೀಗೆ ಬರ್ತಾಳ” ಎಂದು ಸೂಚಿಸಿದರು. ಕಾಯದೆಯ ದೃಷ್ಟಿಯಿಂದ ಇದು ಸರಿಯೇ ಇತ್ತು. ಅಲ್ಲಿ ವೈದ್ಯ ಕಲಿಸುವ ಕಾಲೇಜು ಇರಲಿಲ್ಲ ಎಂಬುದೊಂದೇ ಕೊರತೆ.

ಕೊನೆಗೆ ಕ್ವೆಟ್ಟಾದವರೆಗೆ ರೈಲು, ಅಲ್ಲಿಂದ ಪರ್ಶಿಯಾ, ಬಾಗ್ದಾದ್, ತುರ್ಕಸ್ತಾನ ಎಂದು ನೆಲದ ಮೇಲಿಂದಲೇ ಒಂದು ಹಾದಿ ಸಿಕ್ಕಿತು. ಇಸ್ತಾಂಬುಲ್ಲಿನ ಹತ್ತಿರ ಮಾತ್ರ ಸ್ವಲ್ಪ ಉಪ್ಪು ನೀರು ಅಡ್ಡ ಬಂತು. ಮನೆಯ ಪುರೋಹಿತರಾದ ಯಂಕಣ್ಣಾಚಾರ್ಯರನ್ನು ಕರೆಸಿ, ಹೋಳಿಗೆ ಬಡಿಸಿ, ಕೇಳಲಾಯಿತು. ಅವರು ಕೈ ತೊಳೆದುಕೊಂಡು, ಎದುರು ದಂಡೆ ಕಣ್ಣಿಗೆ ಕಾಣಿಸಿದರೆ ಅದು ಹೊಳೆ, ಕಾಣಿಸದಿದ್ದರೆ ಸಮುದ್ರ, ಉಪ್ಪಿನ ವಿಚಾರ ಅಡಿಗೆಯವರಿಗೆ ಬಿಟ್ಟದ್ದು ಎಂದು ನಿರ್ಣಯ ಕೊಟ್ಟರು. ಇಸ್ತಾಂಬುಲ್ಲಿನ ನೀರಿನ ಎದುರು ದಂಡೆಯಲ್ಲಿ ಜನರ ಮನೆಗಳೇ ಕಾಣಿಸುತ್ತವಂತೆ. ಆದ್ದರಿಂದ ಅದು ಹೊಳೆ ಎಂದಾಯಿತು, ನಾವು ವೈದ್ಯಕ್ಕೆ ಹೆಸರಾದ, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವನ್ನು ಆರಿಸಿದೆವು.

ಅಜ್ಜಿ ಹಾದಿಗೆಂದು ಮೆಂತೆಹಿಟ್ಟು ಕುಟ್ಟಿಸಿದರು. ತಂದೆಯವರು ಜರ್ಮನ್ ಭಾಷೆಯ ಬಾಲಬೋಧೆ ತರಿಸಿದರು. ಹಿಟ್ಟು ಡಬ್ಬಿಗೆ ಬಿದ್ದಿತ್ತೋ ಇಲ್ಲವೋ, ಒಂದು ಸಂಜೆ ತಮ್ಮ ಮಾತನ್ನು ಕನ್ನಡ ಮಾಡುತ್ತಿದ್ದ ತಂದೆಯವರು ‘ಆಸ್ಟ್ರಿಯಾ ದೇಶದ’ ಎಂದವರು ಅಷ್ಟಕ್ಕೇ ನಿಂತು ಬಾಗಿಲ ಕಡೆಗೆ ನೋಡಿದರು. ನನಗೆ ಮುಂದಿನದನ್ನು ಯಾರೂ ಕನ್ನಡ ಮಾಡಿ ಹೇಳಬೇಕಾಗಲಿಲ್ಲ. ಗೆದ್ದ ಜರ್ಮನರ ಊರಿಗೇ ಹೋಗಬಹುದಲ್ಲ ಎಂದು ಕೆಲವರು ಸಲಹೆ ಕೊಟ್ಟರು. ಬೇರೆಯವರ ಮನೆ ಹೊಕ್ಕವರ ಹತ್ತಿರ ಮಗಳು ಗುಣಪಡಿಸುವ ವಿದ್ಯೆ ಕಲಿಯುವುದು ಬೇಡ ಎಂದು ತಂದೆಯವರು ಬಾಲಬೋಧೆಯನ್ನು ಅಟ್ಟಕ್ಕೆ ಎಸೆದರು.

ಆಮೇಲೆ ಪ್ರಾಗ್. ಅಲ್ಲಿನ ವಿದ್ಯಾಪೀಠದ ಕಚೇರಿಯಿಂದ ಕುಮಾರಿ ನೊವೊತ್ನಾ ಎಂಬವರು ಉತ್ತರ ಬರೆದರು. ಮೊದಲ ಪತ್ರದಲ್ಲಿ ಪ್ರವೇಶದ ನಿಯಮಗಳಿದ್ದವು. ಎರಡನೆಯದರಲ್ಲಿ, ಶಿಗ್ಗಾಂವಿಯಲ್ಲಿ ಹಿಮ ಬೀಳುವುದಿಲ್ಲವಾದರೆ ಮಕ್ಕಳು ಚಳಿಗಾಲದಲ್ಲಿ ಏನಾಡುತ್ತಾರೆ ಎಂದು ಕೇಳಿದ್ದರು. ನಾನು ಲಗೋರಿಯ ವಿಷಯವಾಗಿ ಎರಡು ಪುಟ ಬರೆದು ಟಪಾಲಿಗೆ ಹಾಕಿದೆ. ಪತ್ರ ಅವರನ್ನು ತಲುಪುವ ಮೊದಲೇ ತಾವು ಪ್ರಾಗ್ ನಗರವನ್ನು ಮುಗಿಸಿದಿರಿ. ಆ ಸಂಜೆ ಎಷ್ಟು ಸೈನಿಕರು ಬಂದರು, ಯಾವ ಸೇತುವೆಯ ಮೇಲಿಂದ ಬಂದರು ಎಂದು ತಾವು ವಿವರವಾಗಿ ಹೇಳಿದಿರಿ, ಕುಮಾರಿ ನೊವೊತ್ನಾ ಹೇಗಿದ್ದಾರೆಂದು ಹೇಳಲಿಲ್ಲ. ಇಂದಿನವರೆಗೂ ಹೇಳಿಲ್ಲ. ಪ್ರಾಗಿಗೆಂದು ಕುಟ್ಟಿಸಿದ್ದ ಹಿಟ್ಟನ್ನು ನಾವು ಮೊಸರನ್ನದ ಜೊತೆ ಮಳೆಗಾಲದವರೆಗೂ ಉಂಡೆವು.

ತಮ್ಮ ಸೇವೆಯಿಂದ ಸಂತೋಷಪಟ್ಟ ಮನೆ ನಾಲ್ಕೂ ತಾಲೂಕಿನಲ್ಲಿ ಒಂದೇ. ಹಾನಗಲ್ಲಿನ ಸರಕಾರಿ ಕಚೇರಿಯಲ್ಲಿ ಗುಮಾಸ್ತರ ಮೇಲಿನ ಅವಲ ಕಾರಕೂನರಾಗಿರುವ, ಎರಡು ಮಕ್ಕಳ ತಂದೆಯಾದ, ಹೆಂಡತಿಯನ್ನು ಕಳೆದುಕೊಂಡ ವಾಮನರಾಯರಿಗೆ ನನ್ನನ್ನು ಕೊಡಬೇಕೆಂದು ಮಾತು ಬಂದಿತ್ತು. ದೇಶ ಗೊತ್ತಾದರೆ ಓದು, ಗೊತ್ತಾಗದಿದ್ದರೆ ಮದುವೆ ಎಂದು ಅಜ್ಜಿ ಕರಾರು ಮಾಡಿಸಿದ್ದರು. ನನಗೆ ಇಪ್ಪತ್ತು ತುಂಬಿದ್ದರಿಂದ ಈ ಶ್ರಾವಣವೇ ಕೊನೆಯ ವಾಯಿದೆ. ಒಂದೊಂದು ರಾಜಧಾನಿ ಬಿದ್ದಾಗಲೂ ವಾಮನರಾಯರ ತಾಯಿ ತೆಂಗಿನಕಾಯಿ ಹಿಡಿದುಕೊಂಡು ಸಮಾಧಾನ ಹೇಳಲು ಬರುತ್ತಿದ್ದರು. “ಹೋಗ್ಲಿ ಬಿಡ್ರಿ, ಪ್ರಾಗ ಹೋತಂತ ಮನಿ ಹೋತೇನು? ಹಾನಗಲ್ಲ ಎಲ್ಲೂ ಹೋಗೂದಿಲ್ಲ.” ವಾಮನರಾಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಮನೆಗೆ ಹೋದರೆ ನನ್ನ ಪಾಲಿಗೆ ತಡಸದ ಹಳ್ಳ ಇದ್ದಲ್ಲೇ ಇರುತ್ತದೆ.

ಮೂರನೆಯದು ವಾರ್ಸಾ. ಅದನ್ನು ತಾವು ಪಿತೃಪಕ್ಷದ ಬಾಗಿಲಲ್ಲಿ ಕೆಡವಿದ್ದರಿಂದ, ಮುಂದಿನ ದೇಶ ಆರಿಸುವುದಕ್ಕೂ ಹದಿನೈದು ದಿನ ಮುಹೂರ್ತವಿರಲಿಲ್ಲ. ಈ ನಡುವೆ ನನಗೆ ಯುರೋಪಿನ ಮೂರು ಭಾಷೆಗಳಲ್ಲಿ ‘ನನಗೆ ಹಸಿವಾಗಿದೆ, ಮೊಟ್ಟೆ ಬೇಡ’ ಎಂದು ಸ್ಪಷ್ಟವಾಗಿ ಹೇಳಲು ಬರತೊಡಗಿತ್ತು. ಆಮೇಲೆ ದೀಪಾವಳಿಯ ಹೊತ್ತಿಗೆ ತಮಗೆ ಗಂಟಲು ಕಟ್ಟಿ ತಾವು ಹುಬ್ಬಳ್ಳಿಯ ದುರಸ್ತಿಗೆ ಹೋದಿರಿ. ಮಹಾಶಯರೇ, ಎದೆಯ ಮೇಲೆ ಕೈಯಿಟ್ಟು ಹೇಳಿ: ತಾವು ಹುಬ್ಬಳ್ಳಿಯಲ್ಲಿ ಬಾಯಿ ಮುಚ್ಚಿ ಮಲಗಿದ್ದ ಆ ಚಳಿಗಾಲವೆಲ್ಲ ಯುರೋಪಿನಲ್ಲಿ ಒಂದು ರಾಜಧಾನಿಯಾದರೂ ಬಿತ್ತೇ? ಯುಗಾದಿಗೆ ಕುಬೇರಪ್ಪನವರು ತಮ್ಮನ್ನು ಮಾಲೆ ಹಾಕಿ ಕರೆತಂದರು, ಬೇವುಬೆಲ್ಲ ತಿಂದ ಮರುದಿನವೇ ಕೋಪನ್‌ಹೇಗನ್ ಹೋಯಿತು. ಅದನ್ನು ನಾವು ಆರಿಸಿಯೇ ಇರಲಿಲ್ಲ! ಬಹಳ ದಿನ ಕೆಲಸವಿಲ್ಲದೆ ಕೂತವರ ಹುರುಪು ಎಂದು ಅದನ್ನು ಲೆಕ್ಕದಿಂದ ಬಿಟ್ಟಿದ್ದೇನೆ.

ಆಗ ನಾವು ಪ್ಯಾರಿಸ್ ಆರಿಸಿದ್ದೆವು. ಎಷ್ಟೋ ಸೈನ್ಯ, ಎಂಥದೋ ಗೋಡೆ, ಅದಕ್ಕೇನೂ ಆಗದೆಂದು ತಾವೇ ಹೇಳುತ್ತಿದ್ದಿರಿ. ಕಾರಹುಣ್ಣಿಮೆಗೆ ಜನ ಎತ್ತಿನ ಕೋಡಿಗೆ ಬಣ್ಣ ತರುತ್ತಿದ್ದ ದಿನಗಳಲ್ಲಿ ಅದನ್ನೂ ತೆಗೆದಿರಿ.

ಇಷ್ಟಾದ ಮೇಲೆ ಊರಿನ ಜನ ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು. ಸವಣೂರಿನಿಂದ ವೀಳ್ಯದೆಲೆ ತರುವ ಲಾಲಬಿ ಬುಟ್ಟಿಯನ್ನು ಕೆಳಗಿಡುವ ಮೊದಲೇ, “ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ, ಸವಣೂರ ಹೆಸರ ಮಾತ್ರ ಎತ್ತಬ್ಯಾಡ್ರಿ. ಎಲಿ ತೋಟ ಅದಾವ” ಎಂದಳು. ತಮ್ಮ ಯಜಮಾನರಾದ ಕುಬೇರಪ್ಪನವರಂತೂ ತಂದೆಯವರನ್ನು ಅಂಡಿಗೆಗಳ ಮರೆಗೆ ಕರೆದೊಯ್ದು, ನನಗೆ ಕೇಳಿಸುವಷ್ಟು ಸಣ್ಣ ದನಿಯಲ್ಲಿ, “ವಕೀಲ್ರ, ಆ ಬಡ ದೇಶಗೋಳ ಜೀವಾ ಯಾಕ ತಿನ್ನಾಕತ್ತೀರಿ? ಒಂದ ಸಲ ಇಂಗ್ಲಂಡ ಅನ್ರಿ. ಅಂದ್ರ ನಿಮ್ಮ ಗಂಟೇನ ಹೋಕ್ಕೈತಿ?” ಎಂದರು. ಜಮಖಾನೆಯ ಮೇಲಿದ್ದವರೆಲ್ಲ ಕೇಳಿಸದವರಂತೆ ಕೂತು ಉತ್ತರಕ್ಕಾಗಿ ಕಾದರು.

ಬಾಗಿಲ ಹಿಂದಿನಿಂದ ಅಜ್ಜಿ ಮಾತಾಡಿದರು, ಗಂಡಸರಿರುವಲ್ಲಿ ಅವರು ದನಿ ತೆಗೆದದ್ದು ಅದೇ ಮೊದಲು. “ಗುರುರಾಜಾ, ಇಂಗ್ಲಂಡಕ್ಕ ಹೋಗೂ ಮುಂದ ಕಡೀಕ ಬರೂ ನೀರು, ಅದರ ಎದುರು ದಂಡಿ ಕಾಣ್ತದೇನು?” ಮುಗಿಲು ತಿಳಿಯಾಗಿದ್ದ ದಿನ ಕಾಣುತ್ತದಂತೆ ಎಂದು ತಂದೆಯವರು ಹೇಳಿದರು. “ಹಂಗಾದ್ರ ಅದು ಹೊಳಿ” ಎಂದರು ಅಜ್ಜಿ. ಆಮೇಲೆ ನನ್ನ ಕೈ ಹಿಡಿದುಕೊಂಡು, “ಅವತ್ತು ತಡಸದ ಹಳ್ಳದ ಎದುರು ದಂಡಿನೂ ಕಾಣ್ತಿತ್ತವಾ. ಹುಬ್ಬಳ್ಳಿ ಮೋಟಾರು ಅಲ್ಲೇ ನಿಂತಿತ್ತು. ದಾಟ್ಲಿಕ್ಕೆ ಆಗ್ಲಿಲ್ಲ, ನನ್ನ ತೊಡೀ ಮ್ಯಾಲೆ ಹೋದ್ಲು. ನೀ ಇದನ್ನರ ದಾಟು” ಎಂದರು. ಆ ನೀರಿಗೆ ಹೋಗಿ ಮುಟ್ಟುವ ನೆಲದ ಹಾದಿಯೆಲ್ಲ ಈಗ ಮುಚ್ಚಿದೆ, ಮುಂಬಯಿಯಿಂದಲೇ ಹಡಗು ಹತ್ತಬೇಕು ಎಂಬುದನ್ನು ಅಜ್ಜಿ ಕೇಳಲಿಲ್ಲ, ತಂದೆಯವರು ಹೇಳಲಿಲ್ಲ. ದಿನವೂ ಬಾಗಿಲ ಸಂದಿಯಲ್ಲಿ ಕೂತು ತಮ್ಮ ಸುದ್ದಿ ಕೇಳುವ ಅಜ್ಜಿಗೆ ಅದು ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ತಂದೆಯವರು ತಮ್ಮ ಖಾದಿಯ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, “ಅವರ ಕಡೆಯಿಂದ ಇಸಗೊಳ್ಳೂದು ಭಾಳ ಅದ, ಮೊದಲು ವಿದ್ಯಾ ಇಸಗೊಂಡು ಬಾ” ಎಂದಷ್ಟೇ ಅಂದರು. ನಾನು ಅಲ್ಲಿಯೇ ಹತ್ತಿಯ ಅಂಡಿಗೆಗೆ ಮುಖವಿಟ್ಟು ಅತ್ತೆ.

ಮಾರನೆಯ ದಿನ ಇಂಗ್ಲೆಂಡಿಗೆ ಅರ್ಜಿ ಟಪಾಲಿಗೆ ಬಿತ್ತು. ಅದರ ಮಾರನೆಯ ದಿನ ವಾಮನರಾಯರ ತಾಯಿ ಹಾನಗಲ್ಲಿನಿಂದ ಬಂದವರು ಒಳಗೂ ಬಾರದೆ ಅಂಗಳದಲ್ಲೇ ನಿಂತು, “ನಮ್ಮದು ಸರಕಾರದ ಉಪ್ಪು ತಿನ್ನೂ ಮನಿ. ನಿಮ್ಮ ಹುಡಿಗಿ ಇಂಗ್ಲಂಡ ಆರಿಸ್ಯಾಳಂತ ಮ್ಯಾಲಿನವರಿಗೆ ಗೊತ್ತಾದ್ರ ನನ್ನ ಮಗನ ನೌಕರಿ ಉಳೀತದೇನ್ರಿ? ಈ ಸಂಬಂಧ ನಮಗ ಬ್ಯಾಡ” ಎಂದು ನನ್ನ ಜಾತಕ ಹಿಂದಿರುಗಿಸಿದರು. ಕೈಯಲ್ಲಿದ್ದ ತೆಂಗಿನಕಾಯಿಯನ್ನು ತಾವೇ ಒಯ್ದರು. ಹೀಗೆ ತಮ್ಮ ಕೀರ್ತಿಯಿಂದ ನನಗಾದ ಉಪಕಾರ ಇದೊಂದೇ. ಅದಕ್ಕಾಗಿ ತಮಗೆ ಕೃತಜ್ಞಳಾಗಿದ್ದೇನೆ.

ಇನ್ನು ನನ್ನ ವಿನಂತಿಗಳು. ದೇಶಗಳು ಬೀಳುವ ಮೊದಲು ಒಂದು ಪೋಸ್ಟ್ ಕಾರ್ಡಿನ ಮೂಲಕವಾದರೂ ತಿಳಿಸುವ ಪದ್ಧತಿ ಇಡಬೇಕು, ಹಿಟ್ಟು ಕುಟ್ಟುವ ಶ್ರಮ ಉಳಿಯುತ್ತದೆ. ವಿಮಾನಗಳ ಎಣಿಕೆ ಮುಗಿದ ಮೇಲೆ ಸಮಯ ಉಳಿದರೆ ಕುಮಾರಿ ನೊವೊತ್ನಾ ಅವರ ಕ್ಷೇಮ ಸಮಾಚಾರ ಹೇಳಬೇಕು. ಲಗೋರಿಯ ಪತ್ರ ಅವರಿಗೆ ಮುಟ್ಟಿತೇ ಎಂಬುದನ್ನಾದರೂ ಹೇಳಬೇಕು. ಲಂಡನ್ನಿನ ಕಚೇರಿಯಲ್ಲಿಯೂ ಅಂಥ ಒಬ್ಬ ಹೆಣ್ಣುಮಗಳು ಕೂತು ಈಗ ನನ್ನ ಅರ್ಜಿ ಓದುತ್ತಿರಬಹುದು ಎಂಬುದನ್ನು ತಾವು ಮರೆಯಬಾರದು. ಕುಬೇರಪ್ಪನವರಿಗೆ ನಾನು ಅದನ್ನು ಬಾಗಿಲ ಸಂದಿಯಿಂದಲೇ ಹೇಳಿದ್ದೇನೆ, ಅವರು “ಅದೂ ಖರೇ ಬಿಡವಾ” ಎಂದರು.

ತಮ್ಮ ಪ್ರತಿಯೊಂದು ಮಾತನ್ನೂ ಕೇಳುವ, ಕೇಳಿ ಬೆಚ್ಚುವ, ಬಾಗಿಲ ಹಿಂದಿನ
ತಮ್ಮ ವಿಶ್ವಾಸಿ,
ಸುಮನ್

ತಾ.ಕ.: ನಾನು ಇಂಗ್ಲೆಂಡ್ ಆರಿಸಿದ ಸುದ್ದಿ ಹಿರೇಕೆರೂರಿನವರೆಗೂ ಮುಟ್ಟಿ, ಸಂಜೆ ತಮ್ಮೆದುರು ಜಮಖಾನೆಯಲ್ಲಿ ಜಾಗ ಸಾಲುತ್ತಿಲ್ಲ, ತಾವು ನಡುವೆ ಬಾಯಿ ಕಟ್ಟಬಾರದೆಂದು ಕುಬೇರಪ್ಪನವರು ಇನ್ನೊಂದು ಬ್ಯಾಟರಿ ತರಿಸಿದ್ದಾರೆ. ನನ್ನದೊಂದು ಕಡೆಯ ಬೇಡಿಕೆ. ವೈದ್ಯವಿದ್ಯೆಗೆ ಆದಿಯಿಂದ ಅಂತ್ಯದವರೆಗೆ ಏಳು ವರ್ಷ ಹಿಡಿಯುತ್ತದಂತೆ. ಅಷ್ಟು ದಿನ ಇಂಗ್ಲೆಂಡಿನವರ ಊರಿನ ಒಂದು ಹೆಂಚೂ ಬೀಳದಂತೆ ನೋಡಿಕೊಳ್ಳಿ. ನಾನು ಪದವಿ ಹಿಡಿದು ತಡಸದ ಹಳ್ಳ ದಾಟಿ ಮನೆಗೆ ಬಂದ ಮೇಲೆ, ಅವರು ನಮ್ಮ ಊರಿನಿಂದ ಗಂಟುಮೂಟೆ ಕಟ್ಟಿ ಹೊರಟರೆ ನನ್ನ ತಕರಾರಿಲ್ಲ. ಆ ಸುದ್ದಿಯನ್ನು ಮಾತ್ರ ಸಾವಕಾಶವಾಗಿ ಓದಿರಿ, ತಂದೆಯವರು ಅದನ್ನು ಒಂದು ಶಬ್ದವೂ ಬಿಡದಂತೆ ಕನ್ನಡ ಮಾಡಬೇಕು.